ಎರಡು ಕೊಡೆಯ ಮಾಸ್ಟ್ರು

ನಮ್ಮ ಹಾಡುಗಳನ್ನು ಸಿಡಿಲು ತಿನ್ನಲಿಲ್ಲ. ಮಾಸ್ಟ್ರು ಕೊಟ್ಟ ಒಂದು ಉದಾಹರಣೆ ತಿಂದಿತು. ಹಾಡುಗಳನ್ನು ಇಟ್ಟುಕೊಂಡಿದ್ದ ಕೇಂದ್ರದವರು ಪೇಪರಿನಲ್ಲಿ ಸಿಡಿಲು ಎಂದು ಹಾಕಿಸಿದರು. ಆ ದಿನ ಆಕಾಶದಲ್ಲಿ ಅಂಗೈಯಗಲದ ಮೋಡ ಇರಲಿಲ್ಲ. ನಾನು ಅಂಗಳದಲ್ಲಿ ಮೆಣಸು ಒಣಗಲು ಹಾಕಿ ಹೋದವಳು, ಸಂಜೆ ಬಂದು ಮುಟ್ಟಿದರೆ ಗಲಗಲ ಎನ್ನುತ್ತಿತ್ತು.

ಮಾಸ್ಟ್ರು ಹೋದ ತಿಂಗಳು ತೀರಿಕೊಂಡರು. ಸಂತಾಪ ಸಭೆಯಲ್ಲಿ ಕೇಂದ್ರದ ಅಧ್ಯಕ್ಷರು ಅವರನ್ನು ಸರಳ ಜೀವಿ, ಮಿತಭಾಷಿ, ಎಲ್ಲರನ್ನೂ ನಂಬಿದವರು ಎಂದು ಹೊಗಳಿದರು. ಮೂರೂ ಸುಳ್ಳು. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕು, ಸರಿ. ಆದರೆ ಬೇರೆಯವರ ಒಳ್ಳೆಯದನ್ನು ತಂದು ಇವರ ಮೇಲೆ ಹೊದೆಸಬಾರದು. ಅದಕ್ಕೆ ನನಗೆ ಗೊತ್ತಿದ್ದಷ್ಟು ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನವರೆಗೆ ಓದಿದವಳ ಬರಹ. ಅಕ್ಷರ ತಿದ್ದಿಕೊಳ್ಳಿ, ವಿಷಯ ತಿದ್ದಬೇಡಿ.

ಅವರು ಯಾರಿಗೂ ಪಾಠ ಮಾಡಿದವರಲ್ಲ. ಗಲ್ಫಿನಲ್ಲಿ ಯಾವುದೋ ಕಂಪೆನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು ಊರಿಗೆ ಮರಳಿದವರು. ಆದರೆ ಶರ್ಟಿನ ಕಿಸೆಯಲ್ಲಿ ಎರಡು ಪೆನ್ನು ಕಂಡರೆ ನಮ್ಮ ಕಡೆ ಮಾಸ್ಟ್ರು ಎಂದೇ ಕರೆಯುವುದು. ಪೆನ್ನು ಮಾತ್ರವಲ್ಲ, ಅವರದು ಎಲ್ಲವೂ ಎರಡು. ಕನ್ನಡಕ ಎರಡು. ಮನೆಯ ಬೀಗದ ಕೈ ಒಂದು ಕಿಸೆಯಲ್ಲಿ, ಅದರ ಜೋಡಿ ಇನ್ನೊಂದು ಕಿಸೆಯಲ್ಲಿ. ಮುಂಡು ಬಿಗಿದು ಉಟ್ಟ ಮೇಲೂ ಅದರ ಮೇಲೊಂದು ಅಗಲದ ಬೆಲ್ಟು. ಕೊಡೆಯೂ ಎರಡು, ಒಂದು ಕೈಯಲ್ಲಿ, ಇನ್ನೊಂದು ಚೀಲದಲ್ಲಿ. ಒಮ್ಮೆ ಜಡಿಮಳೆಗೆ ಬಂದ್ಯೋಡಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ನಾನು ಚೀಲದ ಕೊಡೆ ಕೇಳಿದೆ.

"ಕೊಟ್ರೆ ನನ್ನ ಹತ್ರ ಒಂದೇ ಆಗ್ತದಲ್ಲ ಅಕ್ಕ," ಎಂದರು.

"ನಿಮಗೆ ತಲೆ ಎಷ್ಟುಂಟು ಮಾರಾಯ್ರೆ?"

"ಒಂದೇ ಇರುವುದು ಅಂದ್ರೆ ಇಲ್ಲದ ಹಾಗೆಯೇ."

ನಾನು ನೆನೆದುಕೊಂಡೇ ಮನೆಗೆ ಹೋದೆ. ಸರಳ ಜೀವಿಯ ಕಥೆ ಇದು.

ಅವರ ಮನೆ ಎಣ್ಮಕಜೆಯಲ್ಲಿ, ಗೇರು ತೋಟದ ಗುಡ್ಡೆಯ ಕೆಳಗೆ. ಮೊದಲು ಆ ತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟದ ಮದ್ದು ಸುರಿಯುತ್ತಿದ್ದ ಕಾಲದಲ್ಲಿ ಇವರು ಹುಡುಗ. ಕೆಳಗಿದ್ದವರಿಗೆ ಏನೂ ಆಗುವುದಿಲ್ಲ ಎಂದು ಮದ್ದಿನವರು ಹೇಳಿದ್ದರಂತೆ. ಆಮೇಲೆ ಹುಟ್ಟಿದ ಎಷ್ಟೋ ಮಕ್ಕಳು ಇಂದಿಗೂ ಎದ್ದು ನಿಂತಿಲ್ಲ. ಆ ಬಗ್ಗೆ ಮಾಸ್ಟ್ರು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಯಾರಾದರೂ 'ಏನೂ ಆಗುವುದಿಲ್ಲ' ಎಂದರೆ ಸಾಕು, ಕೈಯಲ್ಲಿದ್ದ ಚಾಯದ ಗ್ಲಾಸು ಕೆಳಗಿಟ್ಟು ಎದ್ದು ಹೋಗಿ ಕೇಂದ್ರದ ಕಂಪ್ಯೂಟರಿನ ತಂತಿಗಳನ್ನೆಲ್ಲ ಇನ್ನೊಮ್ಮೆ ಮುಟ್ಟಿ ನೋಡಿ ಬರುತ್ತಿದ್ದರು. ಎಲ್ಲರನ್ನೂ ನಂಬಿದವರ ಕಥೆ ಇದು.

ಕೇಂದ್ರ ಎಂದೆನಲ್ಲ, ಅದು ಬಂದ್ಯೋಡಿನಲ್ಲಿ ಹೆದ್ದಾರಿ ಬದಿಯ ಕಟ್ಟಡದ ಮೇಲಿನ ಮಾಳಿಗೆ. ಕೆಳಗೆ ಟಯರಿನ ಅಂಗಡಿ. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಹಾಡುವ ತುಳು ಹಾಡುಗಳನ್ನು ರೆಕಾರ್ಡು ಮಾಡಿ ಉಳಿಸುವುದು ಕೇಂದ್ರದ ಉದ್ದೇಶ. ಗದ್ದೆಗಳನ್ನು ಉಳಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಅಧ್ಯಕ್ಷರ ಹೊಸ ಮನೆ ನಿಂತಿರುವುದೇ ನಾನು ಇಪ್ಪತ್ತು ವರ್ಷ ನೇಜಿ ನೆಟ್ಟ ಗದ್ದೆಯ ಮೇಲೆ. ಇರಲಿ. ಹಾಡುಗಳನ್ನು ಒಂದು ಸರ್ವರಿನಲ್ಲಿ ಇಟ್ಟಿದ್ದರು. ಅದು ಹಗಲೂ ರಾತ್ರಿಯೂ ನಡೆಯುವ ಕಂಪ್ಯೂಟರು, ಅದನ್ನು ನೋಡಿಕೊಳ್ಳುವವರು ಮಾಸ್ಟ್ರು. ಕಾಸರಗೋಡಿನ ಕಾಲೇಜಿನ ಮಕ್ಕಳು ಅಲ್ಲಿಯೇ ಕೂತು ಇದರಲ್ಲಿದ್ದ ಹಾಡು ಕೇಳಬಹುದು ಎಂದರು. ಕೇಳಿದವರನ್ನು ನಾನು ಕಾಣಲಿಲ್ಲ.

ಅದರಲ್ಲಿದ್ದ ದೊಡ್ಡ ಹಾಡು ನಮ್ಮದು, ನನ್ನದು ಮತ್ತು ನನ್ನ ಅತ್ತಿಗೆಯದು. ಅತ್ತಿಗೆ ಎಂದರೆ ಅಣ್ಣನ ಹೆಂಡತಿ, ಬೇಲಿಯಾಚೆಯ ಮನೆಯವಳು. ನಮ್ಮಿಬ್ಬರಿಗೆ ಮಾತಿರಲಿಲ್ಲ. ಅವಳ ಆಡು ನನ್ನ ಬಸಳೆ ಚಪ್ಪರವನ್ನು ಬುಡದವರೆಗೆ ತಿಂದಿತ್ತು. 'ಆಡಿಗೆ ಓದಲು ಬರುತ್ತದಾ, ಇದು ಯಾರ ಬಸಳೆ ಎಂದು?' ಎಂದು ಅವಳು ಕೇಳಿದ್ದಳು. ಆಡು ಸತ್ತಿತು, ಅಣ್ಣ ಸತ್ತ, ಜಗಳಕ್ಕೆ ಒಂದು ಜ್ವರವೂ ಬರಲಿಲ್ಲ. ಆದರೆ ಗದ್ದೆಗೆ ಇಳಿದರೆ ಹಾಡಲೇಬೇಕು, ಮತ್ತು ಅವಳಂಥ ಕಂಠ ಆ ಸೀಮೆಯಲ್ಲಿ ಇರಲಿಲ್ಲ. ಹೊಳೆ ಏರಿದ್ದರಿಂದ ತವರಿಗೆ ದಾಟಲಾಗದ ಒಬ್ಬ ಹೆಣ್ಣಿನ ಹಾಡು ಅದು. ಈಚೆ ದಡದಿಂದ ಅವಳು ಕೇಳುತ್ತಾಳೆ, ಆಚೆ ದಡದಿಂದ ತವರಿನವರು ಉತ್ತರ ಕೊಡುತ್ತಾರೆ. ಕೇಳುವುದು ಅತ್ತಿಗೆ, ಉತ್ತರ ಹೇಳುವುದು ನಾನು. ಗದ್ದೆ ಮುಗಿಯುವವರೆಗೂ ಮುಗಿಯದ ಹಾಡು.

ಕೇಂದ್ರದಲ್ಲಿ ರೆಕಾರ್ಡು ಮಾಡುವಾಗ ನಾವು ಬೆನ್ನಿಗೆ ಬೆನ್ನು ಹಾಕಿ ಕೂತೆವು. ಕಾರ್ಯದರ್ಶಿ ಅದನ್ನು ನೋಡಿ, ಹೀಗೆ ಕೂರುವುದು ಪ್ರಾಚೀನ ಪದ್ಧತಿ ಎಂದು ಬರೆದುಕೊಂಡರು. ಮಾಸ್ಟ್ರು ಮಾತ್ರ ಹತ್ತಿರ ಬಂದು ಮೆಲ್ಲಗೆ, "ಎಂತ, ಜಾಗೆಯ ತಕರಾರಾ?" ಎಂದು ಕೇಳಿದರು.

"ಬಸಳೆಯದ್ದು," ಎಂದೆ.

ಅವರು ತಲೆಯಾಡಿಸಿ ಇಬ್ಬರಿಗೂ ಬೇರೆ ಬೇರೆ ಮೈಕು ಇಟ್ಟರು.

ಇನ್ನು ಅವರ ಹುಚ್ಚಿನ ವಿಷಯ. ಪ್ರತಿ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ಅವರು ಆ ಸರ್ವರನ್ನು ಪೂರ್ತಿ ಅಳಿಸಿ, ಮೊದಲಿನಿಂದ ಕಟ್ಟುತ್ತಿದ್ದರು. ಕೆಟ್ಟದ್ದಕ್ಕಲ್ಲ. ಸರಿಯಾಗಿ ನಡೆಯುತ್ತಿರುವಾಗಲೇ. ಸಮಿತಿಯವರು ಬೇಡ ಬೇಡ ಎನ್ನುತ್ತಿದ್ದರು. ಮಾಸ್ಟ್ರು ಹೇಳುತ್ತಿದ್ದದ್ದು ಇಷ್ಟು: ಕಂಪ್ಯೂಟರಿನಲ್ಲಿ ಎರಡು ಉಂಟು. ಒಂದು ಅದನ್ನು ನಡೆಸುವುದು, ಅದಕ್ಕೆ ಓಎಸ್ ಎನ್ನುತ್ತಾರೆ. ಇನ್ನೊಂದು ನಾವು ಇಟ್ಟ ವಸ್ತು. ನಡೆಸುವುದು ಹಳತಾಗುತ್ತದೆ, ಹುಳ ಹಿಡಿಯುತ್ತದೆ, ಅದನ್ನು ಅಳಿಸಿ ಹೊಸತು ಹಾಕಲೇಬೇಕು. ವಸ್ತು ಅಳಿಯಬಾರದು. ಹಾಗಾದರೆ ಎರಡನ್ನೂ ಒಂದೇ ಕಡೆ ಇಡಬಾರದು. ಮತ್ತೆ, ಸರಿ ಇರುವಾಗ ಕೆಡವಿ ಕಟ್ಟಿ ನೋಡದವನಿಗೆ ಬಿದ್ದಾಗ ಕಟ್ಟಲು ಕೈ ಬರುವುದಿಲ್ಲ.

ಆಟಿಯಲ್ಲೇ ಯಾಕೆ ಎಂದರೆ, ಆಟಿಯಲ್ಲಿ ಶುಭಕಾರ್ಯ ಇಲ್ಲ. ಮುಹೂರ್ತ ಇಲ್ಲ, ಉದ್ಘಾಟನೆ ಇಲ್ಲ, ಭಾಷಣ ಇಲ್ಲ. ಸಮಿತಿಯವರು ಮನೆಯಲ್ಲಿ ಪತ್ರೊಡೆ ತಿಂದುಕೊಂಡು ಇರುತ್ತಾರೆ. "ನನಗೆ ಕೆಲಸ ಮಾಡ್ಲಿಕ್ಕೆ ಅದಕ್ಕಿಂತ ಒಳ್ಳೆ ಮುಹೂರ್ತ ಇಲ್ಲ ಅಕ್ಕ," ಎನ್ನುತ್ತಿದ್ದರು.

ಹಾಡುಗಳನ್ನು ಅವರು ಕಂಪ್ಯೂಟರಿನ ಒಳಗೆ ಇಟ್ಟಿರಲಿಲ್ಲ. ಹೊರಗಡೆ ಒಂದು ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ವಯರು ಹಾಕಿ ಕೊಟ್ಟಿದ್ದರು. ಅದರದೇ ಜೋಡಿ ಇನ್ನೊಂದು ಡಿಸ್ಕಿನಲ್ಲಿ. ಸರ್ವರು ಅಳಿಸುವ ಮೊದಲು ವಯರು ಕಿತ್ತು, ಡಿಸ್ಕನ್ನು ಹೆಗಲಿನ ಬೈರಾಸಿನಲ್ಲಿ ಸುತ್ತಿ ಕಾರ್ಯದರ್ಶಿಯವರ ಮನೆಗೆ ಕಳಿಸುತ್ತಿದ್ದರು. ಜೋಡಿ ಡಿಸ್ಕು ಅಧ್ಯಕ್ಷರ ಮನೆಯ ಕಪಾಟಿನಲ್ಲಿ. ಹೊಸ ಓಎಸ್ ಹಾಕಿ, ಎಲ್ಲ ನೋಡಿ, ಸಮಾಧಾನವಾದ ಮೇಲೆಯೇ ಡಿಸ್ಕು ವಾಪಸು ಬರುವುದು. ಆ ಇಬ್ಬರ ಮನೆಗಳನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮುಖ ಕೊಟ್ಟು ಮಾತಿರಲಿಲ್ಲ. ಒಬ್ಬ ಪೂರ್ವಕ್ಕೆ ಹೋದರೆ ಇನ್ನೊಬ್ಬ ಪಶ್ಚಿಮಕ್ಕೆ. ಇಬ್ಬರೂ ಸೇರಿ ಒಂದೇ ಮೂರ್ಖತನ ಮಾಡುವ ಸಾಧ್ಯತೆಯೇ ಇಲ್ಲ ಎಂದು ಮಾಸ್ಟ್ರ ಲೆಕ್ಕ. ಗಲ್ಫಿನಲ್ಲಿ ಇದನ್ನು ಕಲಿಸಿರಬೇಕು. ಊರಿನ ಜಗಳ ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಜಗಳವಾಡಿದವರು ಪಂಥಕ್ಕೆ ಬಿದ್ದರೆ ಒಂದೇ ದಿಕ್ಕಿಗೆ ಓಡುತ್ತಾರೆ.

ಉದಾಹರಣೆ ಹುಟ್ಟಿದ್ದು ಹೀಗೆ. ಒಂದು ಸಭೆಯಲ್ಲಿ ಮಾಸ್ಟ್ರು ಈ ಎಲ್ಲ ವಿಷಯ ಬಿಡಿಸಿ ಹೇಳುತ್ತಿದ್ದರು. ಮಿತಭಾಷಿ ಎಂದರಲ್ಲ, ಆ ದಿನ ಹಾಲಿಲ್ಲದ ಕಟ್ಟನ್ ಚಾಯ ಎರಡು ಸಲ ಬಂದು ಹೋಯಿತು, ಮಾತು ಮುಗಿಯಲಿಲ್ಲ. ಖಜಾಂಚಿ ನಿದ್ದೆ ಮಾಡುತ್ತಿದ್ದರು. ಸಿಟ್ಟು ಬಂದು ಮಾಸ್ಟ್ರು ಹೇಳಿದರು: "ನಮ್ಮ ದೈವದ ಭಂಡಾರ ಇಲ್ವಾ, ಹಾಗೆ. ದೈವದ ಕತ್ತಿ, ಮೊಗ, ಗಂಟೆ ಎಲ್ಲ ವರ್ಷವಿಡೀ ಗುಡಿಯಲ್ಲಿ, ಸ್ಥಾನದಲ್ಲಿ ಇರ್ತದಾ? ಇಲ್ಲ. ಭಂಡಾರದ ಮನೆ ಬೇರೆ. ಸ್ಥಾನ ಕೆಡವಿ ಹೊಸತು ಕಟ್ಟಿದ್ರೂ ಭಂಡಾರಕ್ಕೆ ಏನೂ ಆಗುವುದಿಲ್ಲ."

ಖಜಾಂಚಿ ಎಚ್ಚರಾದರು. ಎಲ್ಲರ ಮುಖದಲ್ಲಿ ಬೆಳಕು. ಅಧ್ಯಕ್ಷರಂತೂ ಮುಂದೆ ಎಲ್ಲಿ ಭಾಷಣಕ್ಕೆ ನಿಂತರೂ ನಮ್ಮ ಕೇಂದ್ರದ ಡಿಜಿಟಲ್ ಭಂಡಾರ ಎಂದು ಶುರುಮಾಡಿದರು. ಮಾಸ್ಟ್ರಿಗೂ ಹೆಮ್ಮೆ. ತಾವೇ 'ಏನೂ ಆಗುವುದಿಲ್ಲ' ಎಂದದ್ದು ಅವರ ಕಿವಿಗೆ ಬೀಳಲಿಲ್ಲ.

ಮಂಡಿ ನೋವು ಹೆಚ್ಚಾಗಿ ಮಾಸ್ಟ್ರು ಕೆಲಸ ಬಿಟ್ಟು ಎಣ್ಮಕಜೆಯ ಮನೆಯಲ್ಲಿ ಕೂತರು. ಅದೇ ವರ್ಷ ಅತ್ತಿಗೆ ಸತ್ತಳು. ನಾನು ಹೆಣ ನೋಡಲು ಹೋದೆ, ನೋಡಿ ಬಂದೆ. ಅಳಲಿಲ್ಲ. ಮರುವರ್ಷ ಕೇಂದ್ರಕ್ಕೆ ಹೊಸ ಸರ್ವರು ಬಂತು. ಈಗ ಮಾಸ್ಟ್ರು ಇಲ್ಲ, ಆಟಿ ಬೇಕಾಗಿಲ್ಲ. ಒಳ್ಳೆಯ ದಿನ ನೋಡಿ ಮುಹೂರ್ತ ಇಡಿಸಿದರು. ಆಮಂತ್ರಣದ ಕಾಗದ ಅಚ್ಚಾಯಿತು. ಕಣ್ಣೂರಿನ ಒಂದು ಕಂಪೆನಿಯ ಎಂಜಿನಿಯರ್ ಬಂದು ಓಎಸ್ ಹಾಕಿ ಕೊಡುವುದೆಂದು ಮಾತು. ನನ್ನನ್ನು ಎರಡು ಸಾಲು ಹಾಡಲು ಕರೆದಿದ್ದರು. ಎರಡನೆಯ ಸಾಲು ಮಾತ್ರ ಬರುತ್ತದೆ ಎಂದೆ. ತಮಾಷೆ ಎಂದುಕೊಂಡು ನಕ್ಕರು.

ನಾನು ತಮಾಷೆ ಮಾಡಿರಲಿಲ್ಲ. ನಲವತ್ತು ವರ್ಷ ಜೊತೆಗೆ ಹಾಡಿದವಳಿಗೆ ಅತ್ತಿಗೆಯ ಸಾಲು ಬರಲಿಲ್ಲವಾ ಎಂದು ನೀವೂ ಕೇಳಬಹುದು. ಅವಳು ಹಾಡುವಾಗ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ಅವಳ ಸಾಲು ಗದ್ದೆಯ ಉದ್ದಕ್ಕೆ ತಕ್ಕ ಹಾಗೆ ಉದ್ದವಾಗುತ್ತಿತ್ತು, ಗಿಡ್ಡವಾಗುತ್ತಿತ್ತು. ಕೊನೆಯ ಶಬ್ದ ಕಿವಿಗೆ ಬಿದ್ದರೆ ನನ್ನದು ಶುರು. ಅಷ್ಟೇ ನನಗೆ ಬೇಕಾದದ್ದು. ಅವಳು ಹೋದ ಮೇಲೆ ಉತ್ತರಗಳೆಲ್ಲ ನನ್ನ ಬಾಯಲ್ಲಿ ಉಳಿದವು, ಪ್ರಶ್ನೆಗಳು ಆ ಡಿಸ್ಕಿನಲ್ಲಿ.

ಮುಹೂರ್ತದ ದಿನ ಬೆಳಿಗ್ಗೆ ಕಾರ್ಯದರ್ಶಿ, ಹಳೆಯ ಸರ್ವರು ತೆಗೆದಾಗ ತಮ್ಮ ಮನೆಗೆ ಒಯ್ದಿಟ್ಟಿದ್ದ ಡಿಸ್ಕನ್ನು ಹರಿವಾಣದಲ್ಲಿ ಇಟ್ಟು ಕೆಂಪು ರೇಷ್ಮೆಯ ಪಟ್ಟೆ ಹೊದೆಸಿ ತಂದರು, ಮುಂದೆ ಚೆಂಡೆ. ಸುದ್ದಿ ಕೇಳಿದ ಅಧ್ಯಕ್ಷರು ಬಿಡುತ್ತಾರಾ? ತಮ್ಮ ಕಪಾಟಿನ ಡಿಸ್ಕನ್ನೂ ಇಳಿಸಿ, ಅದಕ್ಕೊಂದು ಬೆಳ್ಳಿಯ ಹರಿವಾಣ, ಎರಡು ಚೆಂಡೆ. ಎರಡು ಭಂಡಾರಗಳೂ ಟಯರಿನ ಅಂಗಡಿಯ ಮುಂದೆ ಎದುರಾದವು. ಮೆಟ್ಟಿಲು ಮೊದಲು ಯಾರು ಹತ್ತುವುದೆಂದು ಸ್ವಲ್ಪ ಹೊತ್ತು ಚರ್ಚೆಯಾಗಿ, ಕಡೆಗೆ ಒಟ್ಟಿಗೆ ಹತ್ತಿದರು. ಮೆಟ್ಟಿಲು ಕಿರಿದು, ಭುಜಕ್ಕೆ ಭುಜ ಉಜ್ಜಿತು. ಅವರಿಬ್ಬರು ಅಷ್ಟು ಹತ್ತಿರ ಬಂದದ್ದನ್ನು ನಾನು ಮೊದಲ ಸಲ ಕಂಡದ್ದು.

ಕಣ್ಣೂರಿನ ರೈಲು ತಡವಾಯಿತು. ಎಂಜಿನಿಯರ್ ಇಲ್ಲ, ಮುಹೂರ್ತ ಮೀರುತ್ತಾ ಬಂತು. ಯಂತ್ರ ಬರೇ ಖಾಲಿ, ಓಎಸ್ ಇಲ್ಲ. ಆದರೆ ಮುಹೂರ್ತ ಇದ್ದದ್ದು ಭಂಡಾರ ಏರಿಸಲಿಕ್ಕೆ, ಉತ್ಸವದ ದಿನ ದೈವದ ಭಂಡಾರವನ್ನು ಮನೆಯಿಂದ ತಂದು ಸ್ಥಾನಕ್ಕೆ ಏರಿಸುವ ಹಾಗೆ. ಏರಿಸಿದರು. ಎರಡು ಡಿಸ್ಕಿನ ವಯರನ್ನೂ ಚುಚ್ಚಿ, ಅಡಿಕೆಯ ಹಿಂಗಾರ ಇಟ್ಟು, ಆರತಿ ಎತ್ತಿದರು. ಅಧ್ಯಕ್ಷರು ಸಂಸ್ಕೃತಿ ಉಳಿಯಬೇಕು ಎಂದು ಭಾಷಣ ಮಾಡಿದರು, ಕಾರ್ಯದರ್ಶಿ ಅದಕ್ಕಿಂತ ಹೆಚ್ಚು ಉಳಿಯಬೇಕು ಎಂದು ಭಾಷಣ ಮಾಡಿದರು. ಎಲ್ಲವನ್ನೂ ವಿಡಿಯೋ ಮಾಡಿದರು. ನಾವು ಅವಲಕ್ಕಿ ತಿನ್ನುತ್ತಿರುವಾಗ ಎಂಜಿನಿಯರ್ ಬಂದ. ಎರಡು ಡಿಸ್ಕು ಕಂಡು, ಇದರಲ್ಲಿ ಏನಾದರೂ ಉಂಟಾ, ತೆಗೆದಿಡುವುದಾ ಎಂದು ಮಲಯಾಳದಲ್ಲಿ ಕೇಳಿದ. ಅವನ ತಪ್ಪಿಲ್ಲ, ಅವನು ಕೇಳಿದ.

ಅಧ್ಯಕ್ಷರ ಮುಖ ಕೆಂಪಾಯಿತು. "ಒಮ್ಮೆ ಏರಿದ ಭಂಡಾರವನ್ನು ಕಾರ್ಯ ಮುಗಿಯದೆ ಇಳಿಸ್ಲಿಕ್ಕೆ ಇಲ್ಲ," ಎಂದರು.

ಕಾರ್ಯದರ್ಶಿಯೂ ಹೌದೆಂದು ತಲೆಯಾಡಿಸಿದರು. ಮಾಸ್ಟ್ರು ಸಾಧ್ಯವೇ ಇಲ್ಲ ಎಂದದ್ದು ಹಾಗೆ ಸಾಧ್ಯವಾಯಿತು. ನನಗೆ ಆಗ ಏನಾದರೂ ಹೊಳೆಯಿತು ಎಂದರೆ ಸುಳ್ಳಾಗುತ್ತದೆ. ಮಾಸ್ಟ್ರು ವಯರು ಕೀಳುವುದನ್ನು ಎಷ್ಟೋ ಸಲ ಕಂಡಿದ್ದೆ. ಆದರೆ ಭಂಡಾರ ಇಳಿಸಬಾರದು ಎನ್ನುವುದು ನನ್ನ ರಕ್ತದಲ್ಲೇ ಉಂಟಲ್ಲ. ಎಂಜಿನಿಯರ್ ಭುಜ ಹಾರಿಸಿ ಕೂತ. ಎಲ್ಲ ಅಳಿಸಿ ಹೊಸತಾಗಿ ಹಾಕು ಎಂಬಲ್ಲಿ ಒತ್ತಿದ. ಯಂತ್ರದ ಒಳಗಿನದೂ ಸೇರಿ ಮೂರೂ ಡಿಸ್ಕುಗಳನ್ನು ಕೂಡಿಸಿ ಒಂದೇ ದೊಡ್ಡ ಜಾಗ ಮಾಡಿಕೊಟ್ಟ. ಕಾರ್ಯದರ್ಶಿ ಆ ಜಾಗದಲ್ಲಿ ಮೊದಲು ತುಂಬಿಸಿದ್ದು ಬೆಳಗಿನ ಭಾಷಣಗಳ ವಿಡಿಯೋ.

ಹಾಡು ಇಲ್ಲವೆಂದು ಗೊತ್ತಾದದ್ದು ಮರುವಾರ, ಕಾಲೇಜಿನವರು ಯಾರೋ ಒಮ್ಮೆ ಕೇಳಲು ಹೋದಾಗ. ಮಾಸ್ಟ್ರನ್ನು ಕರೆಸಿದರು. ಅವರು ಎರಡು ಊರುಗೋಲು ಹಿಡಿದು ಬಂದರು, ಕೊಡೆ ಚೀಲದಲ್ಲಿ ಎರಡು. ನನಗೂ ಹೇಳಿಕಳಿಸಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ಆ ಯಂತ್ರದ ಮುಂದೆ ಕೂತರು. ಅಳಿಸಿದ ಮೇಲೂ ಅಡಿಯಲ್ಲಿ ಚೂರುಪಾರು ಉಳಿಯುತ್ತದಂತೆ, ಅದನ್ನು ಕೆರೆದು ತೆಗೆಯುವ ಉಪಾಯ ಉಂಟಂತೆ. ಕೆರೆದರು. ಒಮ್ಮೆ ಏನೋ ಸಿಕ್ಕಿತು, ಶಬ್ದ ದೊಡ್ಡದು ಮಾಡಿದರು. ನಾನು ಮುಂದಕ್ಕೆ ಬಾಗಿ ಕೂತೆ. ಸಂಸ್ಕೃತಿ ಉಳಿಯಬೇಕು ಎಂದು ಅಧ್ಯಕ್ಷರ ಸ್ವರ ಬಂತು. ಅತ್ತಿಗೆ ಇದ್ದ ಜಾಗದಲ್ಲೇ ಅವರು ಹತ್ತಿ ಕೂತಿದ್ದರು.

"ಡಿಸ್ಕು ಚುಚ್ಚಿಟ್ಟು ಓಎಸ್ ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?" ಎಂದು ಮಾಸ್ಟ್ರು ತಿರುಗಿ ಕೇಳಿದರು.

"ಭಂಡಾರ ಅಂತ ನೀವೇ ಹೇಳಿದ್ದಲ್ವಾ ಮಾಸ್ಟ್ರೆ," ಎಂದರು ಕಾರ್ಯದರ್ಶಿ. "ಭಂಡಾರ ಬಾರದೆ ಸ್ಥಾನದಲ್ಲಿ ಕಾರ್ಯ ಉಂಟಾ?"

ಮಾಸ್ಟ್ರು ಒಂದು ಕನ್ನಡಕ ತೆಗೆದು, ಇನ್ನೊಂದು ಹಾಕಿ, ಅದನ್ನೂ ತೆಗೆದು ಕೂತರು. ಎರಡೂ ಇಲ್ಲದೆ ಅವರ ಮುಖ ಸಣ್ಣದು ಎಂದು ಆಗ ಗೊತ್ತಾಯಿತು.

ಬಸ್‌ಸ್ಟಾಪಿನವರೆಗೆ ನಾನೇ ಅವರ ಚೀಲ ಹಿಡಿದೆ. ನಮ್ಮ ಹಾಡಿನಲ್ಲಿ ನನ್ನ ಹತ್ತಿರ ಎಷ್ಟು ಉಳಿದಿದೆ ಎಂದು ಕೇಳಿದರು. ಅರ್ಧ ಎಂದೆ.

"ಇನ್ನರ್ಧ?"

"ಅವಳ ಬಾಯಲ್ಲಿತ್ತು. ಸುಟ್ಟಾಯ್ತು."

"ಅವರು ಗದ್ದೆಯಲ್ಲಿ ಬಿಟ್ಟು ಬೇರೆಲ್ಲೂ ಹಾಡ್ತಿರಲಿಲ್ವಾ? ಮನೆಯಲ್ಲಿ, ಬೀಡಿ ಕಟ್ಟುವಾಗ? ಒಬ್ಬ ಮಗಳು ಉಂಟಲ್ಲ?"

"ಆ ಮನೆಯ ಮೆಟ್ಟಿಲು ನಾನು ತುಳಿಯುವುದಿಲ್ಲ."

"ಯಾಕೆ?"

"ಬಸಳೆ."

ಅವರು ನನ್ನನ್ನು ನೋಡಿದ ನೋಟ, ಆ ಎಂಜಿನಿಯರನ್ನು ಕಂಡಿದ್ದರೂ ಹಾಗೆ ನೋಡುತ್ತಿರಲಿಲ್ಲ. "ಅಕ್ಕ, ಅವರು ತಿಳಿಯದೆ ಅಳಿಸಿದ್ರು," ಎಂದರು. "ನೀವು ಗೊತ್ತಿದ್ದೇ ಅಳಿಸ್ತೀರಾ?"

ಬಸ್ಸು ಬಂತು. ಮಳೆ ಇರಲಿಲ್ಲ. ಆದರೂ ಹತ್ತುವ ಮೊದಲು ಚೀಲಕ್ಕೆ ಕೈ ಹಾಕಿ ಒಂದು ಕೊಡೆ ತೆಗೆದು ನನ್ನ ಕೈಗೆ ಕೊಟ್ಟರು. ಕಿಟಕಿಯಿಂದ ವಾಪಸು ಕೇಳುತ್ತಾರೆ ಎಂದು ನಿಂತೆ. ಕೇಳಲಿಲ್ಲ. ಆ ಮೇಲೆ ನಾನು ಅವರನ್ನು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿ ಇಳಿಸಿಟ್ಟು, ಚಪ್ಪರದಿಂದ ಒಂದು ಕಟ್ಟು ಬಸಳೆ ಕೊಯ್ದುಕೊಂಡು ಬೇಲಿ ದಾಟಿದೆ. ಅತ್ತಿಗೆಯ ಮಗಳು ಬಾವಿಕಟ್ಟೆಯ ಬಳಿ ಬಂಗುಡೆ ಕೊಯ್ಯುತ್ತಿದ್ದಳು. ತಲೆ ಎತ್ತಿ ನೋಡಿದಳು, ಏಳಲಿಲ್ಲ. ನಾನೂ ಕುಶಲ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ನನ್ನ ಮೊದಲ ಸಾಲು ಹಾಡಿದೆ. ಸ್ವರ ಒಡೆದಿತ್ತು, ಆಗಲಿ ಎಂದೆ.

"ಅತ್ತೆ, ನೀವು ಮೊದಲಿಗೇ ಉತ್ತರ ಕೊಟ್ರೆ ಹೇಗೆ?" ಎಂದಳು ಮೀನು ಕೊಯ್ಯುತ್ತಲೇ. "ಅದಕ್ಕೆ ಮುಂಚೆ ಕೇಳ್ಲಿಕ್ಕುಂಟು."

"ನಿನಗೆ ಬರ್ತದಾ?"

"ಕೇಳುವುದು ಮಾತ್ರ ಬರ್ತದೆ. ಅಮ್ಮ ಬೀಡಿ ಕಟ್ಟುವಾಗ ಹಾಡ್ತಿದ್ರು. ನಿಮ್ಮ ಸಾಲು ಬರುವಲ್ಲಿ ಬಾಯಿ ಮುಚ್ಚಿ ಅಷ್ಟು ಹೊತ್ತು ಕೂರ್ತಿದ್ರು. ಮತ್ತೆ ಮುಂದಿನದ್ದು."

ಹಠಮಾರಿ ಹೆಂಗಸು. ಒಂದು ಸಾಲೂ ನನ್ನದು ಮುಟ್ಟಲಿಲ್ಲ.

ಅವಳು ಕೈ ತೊಳೆದು ಬಂದು ಕಟ್ಟೆಯ ಇನ್ನೊಂದು ಬದಿಯಲ್ಲಿ ನನಗೆ ಬೆನ್ನು ಹಾಕಿ ಕೂತಳು. ಹಾಡುವವರು ಹಾಗೆ ಕೂರುವುದು ಎಂದು ಅವಳು ತಿಳಿದಿದ್ದಳು. ನಾನು ಅವಳ ಭುಜ ಹಿಡಿದು ತಿರುಗಿಸಿ ಕೂರಿಸಿದೆ. ಬಿಸಿಲು ಏರುವವರೆಗೆ ಅವಳು ಕೇಳಿದಳು, ನಾನು ಹೇಳಿದೆ. ಬರುವಾಗ ಬಸಳೆಯ ದಪ್ಪ ದಂಟು ನಾಲ್ಕು ತುಂಡು ಮಾಡಿ, ಬೇಲಿಯ ಅವಳ ಬದಿಯಲ್ಲಿ ಊರಿ, ಬಾವಿಯಿಂದ ಎರಡು ಕೊಡ ನೀರು ಸೇದಿ ಹೊಯ್ದು ಬಂದೆ.